ಅಂಗಿ ಎತ್ತಿ ಕೇಳಿ

ತೊಂಬತ್ತೊಂದು ಮಕ್ಕಳು ಸಾಲಾಗಿ ನಿಂತಿದ್ದರು. ಡಾಕ್ಟರು ಒಬ್ಬರೇ. ಮುಂದೆ ಒಂದು ಮಡಚುವ ಮೇಜು. ಮಧ್ಯಾಹ್ನ ಮೂರಕ್ಕೆ ಶುರುವಾದರೆ ಐದಕ್ಕೆ ಮುಗಿಸಿಬಿಡಬೇಕು. ಒಬ್ಬೊಬ್ಬರ ಪಾಲಿಗೆ ಎಷ್ಟು ಬರುತ್ತದೆ ಎಂದು ನೀವೇ ನೋಡಿಕೊಳ್ಳಿ. ಸಂತೆಯಲ್ಲಿ ಕುರಿ ಕೊಳ್ಳುವವನೂ ಅದಕ್ಕಿಂತ ಹೆಚ್ಚು ಹೊತ್ತು ಅದರ ಹಲ್ಲು ಹಿಡಿದು ನೋಡುತ್ತಾನೆ.

ಸೋರೆಲ್ ಊರಿನ ಸರ್ಕಾರಿ ಹೈಸ್ಕೂಲಿನ ಒಳಾಂಗಣ ಆಟದ ಹಾಲ್ ಅದು. ಅಮೆರಿಕದ ಮಿಸಿಸಿಪಿ ರಾಜ್ಯದ ಜುಲೈ ತಿಂಗಳು, ಶನಿವಾರ. ಮೂಲೆಯಲ್ಲಿ ಎರಡು ಫ್ಯಾನುಗಳು ಬಿಸಿಗಾಳಿಯನ್ನೇ ಆ ಕಡೆಯಿಂದ ಈ ಕಡೆಗೆ ತಳ್ಳುತ್ತಿದ್ದವು. ಆಟಕ್ಕೆ ಇಳಿಯುವ ಮಕ್ಕಳಿಗೆಲ್ಲ ವರ್ಷಕ್ಕೊಮ್ಮೆ ನಡೆಯುವ ಈ ತಪಾಸಣೆಗೆ ಊರಿನವರು ಫಿಸಿಕಲ್ ಅನ್ನುತ್ತಾರೆ. ಇದರಲ್ಲಿ ಪಾಸಾದ ಕಾಗದವಿಲ್ಲದಿದ್ದರೆ ಅಂಗಳಕ್ಕೆ ಕಾಲಿಡುವಂತಿಲ್ಲ.

ಪ್ರತಿ ಮಗುವಿನ ಕೈಯಲ್ಲೂ ಒಂದು ಫಾರಂ ಇತ್ತು. ಅದರಲ್ಲಿ ಎದೆಯ ಬಗ್ಗೆ ಉದ್ದಕ್ಕೆ ಪ್ರಶ್ನೆಗಳು. ಓಡುವಾಗ ಎಂದಾದರೂ ಜ್ಞಾನ ತಪ್ಪಿದೆಯೇ? ಎದೆ ನೋವು ಬಂದಿದೆಯೇ? ಎಲ್ಲದರ ಮುಂದೆಯೂ ‘ಇಲ್ಲ’ ಎಂದು ಮೊದಲೇ ಗುರುತು ಬಿದ್ದಿತ್ತು. ಕೋಚ್ ಪರ್ವಿಸ್ ಕಂಡುಕೊಂಡ ಉಪಾಯ ಇದು. ಒಂದು ಫಾರಂ ತುಂಬಿ, ಅದನ್ನೇ ನೂರು ಜೆರಾಕ್ಸ್ ಮಾಡಿಸಿ ಹಂಚುತ್ತಿದ್ದ. ಹೆಸರು ಬರೆದು ಅಪ್ಪನೋ ಅಮ್ಮನೋ ಸಹಿ ಹಾಕಿದರೆ ಮುಗಿಯಿತು. ಇದು ತಪ್ಪು ಎಂದು ಊರಿನಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಉಪಕಾರ ಅಂದುಕೊಂಡಿದ್ದರು. ಯಾಕೆಂದರೆ ಎಲ್ಲೋ ಒಂದು ‘ಹೌದು’ ಬಿದ್ದರೆ ಹೃದಯದ ಡಾಕ್ಟರ ಚೀಟಿ ತರಬೇಕು. ಆ ಡಾಕ್ಟರು ಇರುವುದು ಎರಡೂವರೆ ಗಂಟೆ ದೂರದ ಜಾಕ್ಸನ್ನಿನಲ್ಲಿ. ಅವರ ಮುಖ ನೋಡುವ ಹೊತ್ತಿಗೆ ಆಟದ ಕಾಲವೇ ಮುಗಿದು ಹೋಗಿರುತ್ತದೆ.

ಹೆದ್ದಾರಿಯ ಆಚೆ ಬದಿಗೆ ಅಕಾಡೆಮಿ ಇದೆ. ಬಿಳಿಯರ ಮಕ್ಕಳು ಓದುವ ಖಾಸಗಿ ಶಾಲೆ. ಅಲ್ಲಿಗೆ ಪ್ರತಿ ಏಪ್ರಿಲ್‌ನಲ್ಲಿ ದೊಡ್ಡಾಸ್ಪತ್ರೆಯ ಬಸ್ಸು ಬರುತ್ತದೆ. ಮಕ್ಕಳನ್ನು ತಣ್ಣಗಿನ ಕೋಣೆಯಲ್ಲಿ ಮಲಗಿಸಿ, ಎದೆಗೆ ತಂತಿ ಅಂಟಿಸಿ ಇಸಿಜಿ ತೆಗೆಯುತ್ತಾರೆ. ಆ ಬಸ್ಸು ಹೆದ್ದಾರಿ ದಾಟಿ ಈಚೆಗೆ ಒಂದು ದಿನವೂ ಬಂದದ್ದಿಲ್ಲ. ದಾಟಲು ಅರ್ಧ ನಿಮಿಷ ಸಾಕು.

ಲುವೀನಿಯಾ ಹಾಲಿನ ಬಾಗಿಲಲ್ಲಿ ನಿಂತು ಸಾಲಿನ ಮೇಲೆ ಕಣ್ಣಾಡಿಸಿದಳು. ಮಗಳನ್ನು ಹುಡುಕುತ್ತಿದ್ದಳು. ಕಾರ್ಖಾನೆಯ ಬಿಳಿ ಕೋಟು ಇನ್ನೂ ಮೈಮೇಲೇ ಇತ್ತು. ಪಾಳಿ ಮುಗಿದದ್ದು ಮೂರೂವರೆಗೆ, ಮನೆಗೆ ಹೋಗಿ ಬಟ್ಟೆ ಬದಲಿಸಲು ಹೊತ್ತೆಲ್ಲಿ? ಹತ್ತೊಂಬತ್ತು ವರ್ಷದಿಂದ ಅವಳು ಕ್ಯಾಟ್‌ಫಿಶ್ ಕೊಯ್ಯುತ್ತಿದ್ದಾಳೆ. ಬೆಲ್ಟಿನ ಮೇಲೆ ಮೀನು ಬರುತ್ತಲೇ ಇರುತ್ತದೆ. ಐಸಿನಂಥ ನೀರಿನಲ್ಲಿ ನಿಂತು ಕೊಯ್ಯುತ್ತಲೇ ಇರಬೇಕು. ಉಚ್ಚೆಗೆ ಹೋಗಬೇಕಾದರೂ ಕೈಯೆತ್ತಿ ಕೇಳಬೇಕು, ಸೂಪರ್‌ವೈಸರ್ ಗಡಿಯಾರ ಹಿಡಿದು ನಿಂತಿರುತ್ತಾನೆ. ಬಲಗೈಯ ಬೆರಳುಗಳು ಈಗ ಪೂರ್ತಿ ಮಡಚುವುದಿಲ್ಲ. ಬೆಳಿಗ್ಗೆ ಎದ್ದು ಬಿಸಿನೀರಿನಲ್ಲಿ ಅದ್ದಿದ ಮೇಲೆಯೇ ಬಾಚಣಿಗೆ ಹಿಡಿಯಲು ಬರುತ್ತದೆ. ತನ್ನ ಇಬ್ಬರು ಮಕ್ಕಳು ಆ ಬೆಲ್ಟಿನ ಮುಂದೆ ನಿಲ್ಲಬಾರದು ಎಂಬುದೊಂದೇ ಅವಳ ಹರಕೆ. ಕರಿಯರ ಮಕ್ಕಳಿಗೆ ಆ ಊರಿನಿಂದ ಹೊರಗೆ ಹೋಗುವ ದಾರಿ ಆಟವೊಂದೇ. ಅದಕ್ಕೇ ಇಬ್ಬರನ್ನೂ ಆಟಕ್ಕೆ ಬಿಟ್ಟಳು.

ಹೋದ ಜುಲೈನಲ್ಲಿ ಇದೇ ಸಾಲಿನಲ್ಲಿ ಅವಳ ಮಗ ಟೆರಿಯಸ್ ನಿಂತಿದ್ದ. ಹದಿನಾರು ವರ್ಷ. ಡಾಕ್ಟರ್ ಹಾಲ್ಡೇನ್ ಅವನ ಟೀ ಶರ್ಟಿನ ಮೇಲಿಂದಲೇ ಸ್ಟೆತಾಸ್ಕೋಪು ಇಟ್ಟು, “ಗೂಳಿ ಇದ್ದಂಗಿದೀಯಲ್ಲೋ” ಎಂದು ಬೆನ್ನು ತಟ್ಟಿ ಕಳಿಸಿದ್ದರು. ಹದಿನೆಂಟನೇ ದಿನಕ್ಕೆ, ಆಗಸ್ಟಿನ ಬಿಸಿಲಲ್ಲಿ, ಫುಟ್‌ಬಾಲ್ ಅಭ್ಯಾಸದ ಕೊನೆಯ ಓಟ ಓಡುತ್ತಾ ಟೆರಿಯಸ್ ಬೋರಲಾಗಿ ಬಿದ್ದ. ಬಿಸಿಲಿಗೆ ತಲೆ ತಿರುಗಿದೆ ಅಂದುಕೊಂಡ ಕೋಚು ಮುಖಕ್ಕೆ ನೀರೆರಚಿದ. ಬಿಸಿಲಿಗೆ ಮದ್ದೆಂದು ಆಟಗಾರರು ಕುಡಿಯುವ, ಉಪ್ಪಿಗೆ ಹಾಕಿದ ಸೌತೆಕಾಯಿಯ ನೀರು ಕುಡಿಸಲು ನೋಡಿದ. ಹೆಣದ ಬಾಯಿಗೆ.

ಮಣ್ಣು ಮಾಡಿ ತಿಂಗಳಾದ ಮೇಲೆ ಶಾಲಾ ಮಂಡಳಿಯವರು ಲುವೀನಿಯಾಳನ್ನು ಕರೆಸಿದರು. ಸಮಾಧಾನ ಹೇಳಲು ಇರಬೇಕು ಎಂದುಕೊಂಡು ಚರ್ಚಿಗೆ ಹಾಕುವ ಹ್ಯಾಟು ಹಾಕಿಕೊಂಡು ಹೋದಳು, ಪಾಪ. ಅಲ್ಲಿ ಒಬ್ಬ ವಕೀಲ ಕೂತಿದ್ದ. ಫಾರಮ್ಮನ್ನು ಅವಳ ಕಡೆ ತಿರುಗಿಸಿ ಇಟ್ಟು, “ಈ ಸಹಿ ನಿಮ್ದೇ ತಾನೆ?” ಎಂದು ಕೇಳಿದ.

ಆಗ ಅವಳು ಮೊದಲ ಸಲ ಆ ಪ್ರಶ್ನೆಗಳನ್ನು ಓದಿದಳು. ನಿಮ್ಮ ಮನೆತನದಲ್ಲಿ ಮೂವತ್ತೈದು ವಯಸ್ಸಿನೊಳಗೆ ಯಾರಾದರೂ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರೆಯೇ? ಕಾರಣ ಗೊತ್ತಾಗದೆ ನೀರಲ್ಲಿ ಮುಳುಗಿದವರು ಇದ್ದಾರೆಯೇ? ಅಲ್ಲಿ ‘ಇಲ್ಲ’ ಎಂದಿತ್ತು. ಅವಳ ಅಣ್ಣ ಎಜ್ರಾ ಮೀನಿನ ಕೊಳದಲ್ಲಿ ಬಲೆ ಎಳೆಯುತ್ತಿದ್ದವನು. ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ, ಎದೆಮಟ್ಟದ ನೀರಿನಲ್ಲಿ, ಆರಡಿ ಆಳು ಮುಳುಗಿ ಸತ್ತ. ಕುಡಿದಿದ್ದ ಎಂದು ಕಂಪನಿಯವರು ಹೇಳಿದರು. ಎಜ್ರಾ ಹನಿ ಹೆಂಡ ಮುಟ್ಟಿದವನಲ್ಲ. ಹೆಣ ನೋಡಿದ ಅಧಿಕಾರಿ ಮುಳುಗಿ ಸಾವು ಎಂದು ಬರೆದು ಕೈ ತೊಳೆದುಕೊಂಡ. ಎದೆಮಟ್ಟದ ನೀರಿನಲ್ಲಿ ಮನುಷ್ಯ ಹೇಗಯ್ಯಾ ಮುಳುಗುತ್ತಾನೆ ಎಂದು ಕೇಳುವವರು ಯಾರಿದ್ದರು?

ಇನ್ನೊಂದು ಪ್ರಶ್ನೆ, ಜ್ಞಾನ ತಪ್ಪಿದೆಯೇ ಎಂಬುದು. ಆ ವಸಂತದಲ್ಲಿ ಟೆರಿಯಸ್ ಮೆಟ್ಟಿಲು ಓಡಿ ಹತ್ತುವಾಗ ಒಮ್ಮೆ ಕುಸಿದಿದ್ದ. ಮನೆಗೆ ಬಂದು ನಗುತ್ತಾ ಹೇಳಿದ್ದ. ಅವಳೂ ನಕ್ಕಿದ್ದಳು.

“ನೀವು ನಿಜ ಬರ್ದಿದ್ರೆ ನಾವು ಹುಡುಗನ್ನ ಆಡೋಕೇ ಬಿಡ್ತಿರ್ಲಿಲ್ಲ” ಎಂದ ವಕೀಲ. ಕೊಂದವರು ಚೂರಿ ತೊಳೆಯುವ ಹಾಗೆ ಪೆನ್ನನ್ನು ತೊಳೆದು ಅವಳ ಕೈಗೇ ಕೊಟ್ಟಿದ್ದರು. ಕೋಚ್ ಪರ್ವಿಸ್ ಪಕ್ಕದಲ್ಲೇ ಕೂತು ತನ್ನ ಷೂ ನೋಡಿಕೊಳ್ಳುತ್ತಿದ್ದ. ಗುರುತು ಹಾಕಿದ್ದು ನಾನು ಎಂದು ಅವನು ಬಾಯಿ ಬಿಡಲಿಲ್ಲ.

ಒಬ್ಬರು ಮಾತ್ರ ಮನುಷ್ಯರ ಹಾಗೆ ಮಾತಾಡಿದರು. ಶವಪರೀಕ್ಷೆ ಮಾಡಿದ ಹೆಂಗಸು ಡಾಕ್ಟರು. ತಾವಾಗಿಯೇ ಫೋನು ಮಾಡಿದರು. “ನಿಮ್ಮ ಮಗನ ಹೃದಯದ ಗೋಡೆ ದಪ್ಪ ಆಗಿತ್ತಮ್ಮ. ಇದು ರಕ್ತದಲ್ಲಿ ಬರೋ ಕಾಯಿಲೆ. ಇನ್ನೊಂದು ಮಗು ಇದ್ಯಾ? ಹಾಗಾದ್ರೆ ತೋರಿಸಿ, ತಡ ಮಾಡ್ಬೇಡಿ. ಬರೀ ಎದೆ ಮೇಲೆ ಸ್ಟೆತಾಸ್ಕೋಪ್ ಇಟ್ಟು, ಕುಕ್ಕರಗಾಲಲ್ಲಿ ಕೂರಿಸಿ, ಆಮೇಲೆ ಎದ್ದು ನಿಲ್ಲಿಸಿ ಕೇಳಿದ್ರೆ ಎಷ್ಟೋ ಸಲ ಅದರ ಸದ್ದು ಸಿಕ್ಕಿಬಿಡುತ್ತೆ.” ಲುವೀನಿಯಾ ಆ ಮಾತನ್ನು ಬೈಬಲ್ಲಿನ ವಾಕ್ಯದ ಹಾಗೆ ಬಾಯಿಪಾಠ ಮಾಡಿದಳು. ಕೂರಿಸಿ, ನಿಲ್ಲಿಸಿ, ಬರೀ ಎದೆಯ ಮೇಲೆ. ಅಂದಿನಿಂದ ಜಾಕ್ಸನ್ನಿನ ಹೃದಯದ ಡಾಕ್ಟರ ಆಫೀಸಿಗೆ ಫೋನು ಮಾಡುತ್ತಲೇ ಇದ್ದಳು. ಎರಡು ಸಲ ದಿನ ಕೊಟ್ಟು ಎರಡು ಸಲವೂ ಮುಂದೆ ಹಾಕಿದರು. ಈಗ ಕೊಟ್ಟಿರುವುದು ನವೆಂಬರ್ ಹತ್ತೊಂಬತ್ತು.

ಆ ಇನ್ನೊಂದು ಮಗು ಶಾಂಟ್ರೀಸ್. ಬ್ಯಾಸ್ಕೆಟ್‌ಬಾಲ್ ಆಡುತ್ತಾಳೆ. ನವೆಂಬರ್ ಮೊದಲ ವಾರದಲ್ಲಿ ಕಾಲೇಜೊಂದರ ಕೋಚು ಅವಳ ಆಟ ನೋಡಲು ಬರುವುದಿತ್ತು, ಮೆಚ್ಚಿದರೆ ಕಾಲೇಜು ಓದು ಪುಕ್ಕಟೆ. ಅಭ್ಯಾಸ ಈ ಸೋಮವಾರದಿಂದಲೇ. ಎರಡು ದಿನದ ಹಿಂದೆ ಹುಡುಗಿ ಫಾರಂ ತಂದಳು. ಲುವೀನಿಯಾ ಅದನ್ನು ಎರಡಾಗಿ ಹರಿದು ಒಲೆಯ ಪಕ್ಕದ ಬುಟ್ಟಿಗೆ ಹಾಕಿದಳು.

“ನಾನು ಸಹಿ ಹಾಕಲ್ಲ ಕಣೇ. ಸತ್ರೂ ಹಾಕಲ್ಲ.”

“ನಿನ್ ಸಹಿ ಯಾರಿಗ್ ಬೇಕು? ನಂಗೆ ಜೂನಲ್ಲೇ ಹದಿನೆಂಟು ತುಂಬ್ತು. ನಾನೇ ಹಾಕ್ಕೋತೀನಿ.”

“ನಿನ್ ತಮ್ಮನ ಗತಿ ನೋಡಿಯೂ ಹಿಂಗಂತೀಯಲ್ಲೇ?”

“ಅವನು ಸತ್ತ, ನಿಜ. ನಾನೇನ್ ಮಾಡ್ಲಿ? ಮನೇಲಿ ಕೂತು ಬದುಕಿರ್ಲಾ? ನಿನ್ ಪಕ್ಕದಲ್ಲಿ ನಿಂತು ಮೀನ್ ಕೊಯ್ಲಾ? ನಿನ್ ಕೈ ನೋಡ್ಕೊಂಡಿದೀಯಾ ಅಮ್ಮಾ?”

ಲುವೀನಿಯಾ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಮಗಳು ಆಡಿದರೆ ಎದೆ ನಿಂತು ಸಾಯಬಹುದು. ಆಡದಿದ್ದರೆ ಬೆಲ್ಟಿನ ಮುಂದೆ ನಲವತ್ತು ವರ್ಷ ನಿಂತು ಸಾಯಬೇಕು. ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ಹೆತ್ತವಳಿಗೆ ಹೇಳುವ ಊರಿಗೆ ಬೆಂಕಿ ಬೀಳಲಿ.

ಈಗ ಸಾಲಿನಲ್ಲಿ ಮಗಳು ಕಂಡಳು. ನಲವತ್ತೊಂದನೇ ನಂಬರು. ಮುಂದಿನ ಸರದಿ ಅವಳದೇ. ಕೈಯಲ್ಲಿ ಹೊಸ ಫಾರಂ.

ಲುವೀನಿಯಾ ನೇರ ಹೋಗಿ ಮೇಜಿನ ಮುಂದೆ ನಿಂತಳು. ಕೋಚ್ ಪರ್ವಿಸ್ ಓಡಿ ಬಂದ. ಅವನೂ ಅದೇ ಊರಿನವನು, ಅವನ ತಾಯಿಯೂ ಮೀನು ಕೊಯ್ದವಳೇ.

“ಮಿಸ್ ಲುವೀನಿಯಾ, ಇಲ್ ಬೇಡ ದಯವಿಟ್ಟು. ಆಚೆ ಹೋಗಿ ಮಾತಾಡೋಣ ಬನ್ನಿ.”

“ಆಚೆ ಮಾತಾಡಿ ಮಾತಾಡಿ ವರ್ಷ ಆಯ್ತು. ನನ್ ಮಗಳ ಎದೇಲಿ ಏನಿರ್ಬೋದು ಅಂತ ನಿಂಗೆ ಗೊತ್ತು ತಾನೇ ಪರ್ವಿಸ್? ಗೊತ್ತಿದ್ದೂ ಫಾರಂ ಕೊಟ್ಯಲ್ಲ?”

ಅವನು ದನಿ ತಗ್ಗಿಸಿದ. “ಆ ಶವಪರೀಕ್ಷೆ ಕಾಗದ ನಮ್ ಆಫೀಸಿಗೆ ಬಂದಿಲ್ಲ. ಕೇಸು ಗೀಸು ಅಂತ ವಕೀಲ್ರು ಬಾಯಿ ಬಿಡ್ಬೇಡಿ ಅಂದವ್ರೆ. ಲೆಕ್ಕಕ್ಕೆ ನಮಗೇನೂ ಗೊತ್ತಿಲ್ಲ.”

“ಲೆಕ್ಕಕ್ಕೆ ಗೊತ್ತಿಲ್ಲ” ಎಂದು ಅವಳು ಅವನ ಮಾತನ್ನೇ ತಿರುಗಿ ಹೇಳಿದಳು, ಎಲ್ಲರಿಗೂ ಕೇಳುವ ಹಾಗೆ.

ಶಾಂಟ್ರೀಸ್ ಸಾಲಿನಿಂದಲೇ ಹಲ್ಲು ಕಚ್ಚಿ, “ಅಮ್ಮಾ, ಮರ್ಯಾದೆ ತೆಗೀಬೇಡ, ಹೋಗು” ಎಂದಳು. ಹಿಂದಿನಿಂದ ಒಬ್ಬ ತಾಯಿ ಕೂಗಿದಳು. “ಲುವೀನಿಯಾ, ನಿಂದೊಂದು ಹೋಯ್ತು ಅಂತ ನಮ್ ಮಕ್ಳ ದಾರಿಗೂ ಅಡ್ಡ ಮಲಗ್ತೀಯೇನೇ? ನಂಗೆ ನಾಲ್ಕಕ್ಕೆ ಡ್ಯೂಟಿ ಐತೆ!” ಯಾರೋ ನಕ್ಕರು. ಮೀನಿನ ವಾಸನೆ ಎಂದು ಹುಡುಗರು ಮೂಗು ಹಿಡಿದುಕೊಂಡರು. ಅವರ ಮನೆಯಲ್ಲೂ ಅದೇ ವಾಸನೆಯ ಕೋಟು ನೇತಾಡುತ್ತಿರುತ್ತದೆ. ಲುವೀನಿಯಾ ಕಾಲು ಕದಲಿಸಲಿಲ್ಲ.

ಡಾಕ್ಟರ್ ಹಾಲ್ಡೇನ್ ಕನ್ನಡಕ ತೆಗೆದು ಬೆವರು ಒರೆಸಿಕೊಂಡರು. ಎಪ್ಪತ್ತು ದಾಟಿದ ಬಿಳಿಯ ಮುದುಕ. ಪುಕ್ಕಟೆ ಬಂದು ನೋಡುತ್ತಾರೆಂದು ಊರಲ್ಲೆಲ್ಲ ಒಳ್ಳೆಯ ಹೆಸರು. “ಏನಾಗ್ಬೇಕಮ್ಮ ನಿಂಗೆ?” ಎಂದು ಕೇಳಿದರು.

“ಅಂಗಿ ಎತ್ತಿ ಕೇಳಿ ಸ್ವಾಮಿ. ಕುಕ್ಕರಗಾಲಲ್ಲಿ ಕೂರಿಸಿ ಕೇಳಿ. ಎದ್ದು ನಿಲ್ಸಿ ಇನ್ನೊಂದ್ಸಲ ಕೇಳಿ.”

ಡಾಕ್ಟರು ಅವಳನ್ನು ದಿಟ್ಟಿಸಿ ನೋಡಿದರು. ಮೀನು ಕೊಯ್ಯುವವಳ ಬಾಯಲ್ಲಿ ತಮ್ಮ ಪಾಠ ಕೇಳಿ ಅವರಿಗೆ ಕಸಿವಿಸಿಯಾಯಿತು. “ಇಲ್ಲಿ ಪರದೆ ಇಲ್ಲಮ್ಮ. ಹೆಣ್ಣುಮಗಳು, ಅಷ್ಟೊಂದು ಗಂಡು ಹುಡುಗ್ರ ಮುಂದೆ ಅಂಗಿ ಎತ್ತು ಅಂತ ಹೇಗೆ ಹೇಳ್ಲಿ?”

“ಪರದೆ ಇಲ್ಲ ಅಂತಾನಾ ನನ್ ಮಗ ಸತ್ತಿದ್ದು?”

ಲುವೀನಿಯಾ ಗುಂಡಿ ಬಿಚ್ಚಿ ಮೈಮೇಲಿನ ಕೋಟು ತೆಗೆದಳು. ಎರಡು ತೋಳು ಅಗಲಿಸಿ ಹಿಡಿದಳು. ಒಂದು ಕೋಟಿನಿಂದ ಏನೂ ಮರೆಯಾಗುತ್ತಿರಲಿಲ್ಲ. ಗೋಡೆಯ ಬಳಿ ಒಜೆಲಾ ನಿಂತಿದ್ದಳು. ಬೆಲ್ಟಿನಲ್ಲಿ ಹನ್ನೊಂದು ವರ್ಷ ಪಕ್ಕಪಕ್ಕ ನಿಂತವಳು. ಮಗಳು ನೀಸಿಯನ್ನು ಕರೆದುಕೊಂಡು ಬಂದಿದ್ದಳು.

“ತಡಿ ಅಕ್ಕ” ಎಂದಳು ಒಜೆಲಾ. ತನ್ನ ಕೋಟನ್ನೂ ಬಿಚ್ಚಿದಳು. ಅದೇ ಪಾಳಿಯ ಇನ್ನಿಬ್ಬರು ಹೆಂಗಸರು ಬಂದರು. ನಾಲ್ಕು ಜನ ನಾಲ್ಕು ಕೋಟು ಅಗಲಿಸಿ ಮೇಜಿನ ಸುತ್ತ ನಿಂತರು. ಕೋಟಿನ ತುಂಬ ಮೀನಿನ ರಕ್ತದ ಕಲೆ. ಪರದೆ ಆಯಿತು.

ಡಾಕ್ಟರಿಗೆ ಬೇರೆ ದಾರಿ ಉಳಿಯಲಿಲ್ಲ. ಶಾಂಟ್ರೀಸ್‌ಗೂ ಉಳಿಯಲಿಲ್ಲ. ಅವಳು ತಾಯಿಯ ಕಡೆ ನೋಡದೆ ಒಳಗೆ ಬಂದು, ಅಂಗಿ ಎತ್ತಿದಳು. ಡಾಕ್ಟರು ಕೇಳಿದರು. ಕುಕ್ಕರಗಾಲಲ್ಲಿ ಕೂರಿಸಿ ಕೇಳಿದರು. “ಏಳು” ಎಂದರು. ನಿಂತವಳ ಎದೆಗೆ ಸ್ಟೆತಾಸ್ಕೋಪು ಇಟ್ಟರು. ಇಟ್ಟವರು ತೆಗೆಯಲಿಲ್ಲ. ಕಣ್ಣು ಮುಚ್ಚಿಕೊಂಡರು. “ಇನ್ನೊಂದ್ಸಲ ಕೂತ್ಕೋ ಮಗಳೇ” ಎಂದರು. ದನಿ ಬದಲಾಗಿತ್ತು. ಲುವೀನಿಯಾ ಎತ್ತಿ ಹಿಡಿದ ಕೋಟಿನ ಮೇಲಿಂದ ಅವರ ಮುಖವನ್ನೇ ನೋಡುತ್ತಿದ್ದಳು. ಏನೂ ಕೇಳಿಸದಿರಲಿ ದೇವರೇ ಎಂದು ಬೇಡಿದಳು. ಅಷ್ಟು ಜಗಳವಾಡಿ ಬಂದವಳು, ಈಗ ತಾನೇ ಸುಳ್ಳಾಗಲಿ ಎಂದು ಬೇಡಿದಳು.

ಮೂರನೇ ಸಲ ಕೇಳಿದ ಮೇಲೆ ಡಾಕ್ಟರು ಫಾರಂ ತೆಗೆದುಕೊಂಡು ಅಡ್ಡಗೀಟು ಎಳೆದರು. “ಸದ್ದಿದೆ. ಇವಳು ಆಡೋ ಹಾಗಿಲ್ಲ. ಓಡೋ ಹಾಗೂ ಇಲ್ಲ. ಜಾಕ್ಸನ್ನಿಗೆ ನಾನೇ ಫೋನ್ ಮಾಡ್ತೀನಿ. ನವೆಂಬರ್ ತನಕ ಕಾಯ್ಬೇಡಿ.”

ಶಾಂಟ್ರೀಸ್ ಅಂಗಿ ಎಳೆದುಕೊಂಡಳು. “ಈಗ ಸಮಾಧಾನ ಆಯ್ತಾ? ಈಗ ತಣ್ಣಗಾಯ್ತಾ ಹೊಟ್ಟೆ?” ಎಂದು ತಾಯಿಯ ಮುಖಕ್ಕೆ ಕಿರುಚಿದಳು. ಲುವೀನಿಯಾಳ ಕಣ್ಣಿಂದ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಮಗಳು ಉಳಿದಳು ಎಂದು ಅಳುತ್ತಿದ್ದಳೋ, ಮಗಳ ಬದುಕು ಹೋಯಿತು ಎಂದು ಅಳುತ್ತಿದ್ದಳೋ, ಕೇಳಿದ್ದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ.

ಹುಡುಗಿ ಎರಡು ಹೆಜ್ಜೆ ಹೋದವಳು ನಿಂತಳು. ತಿರುಗಿ ಡಾಕ್ಟರ ಹತ್ತಿರ ಬಂದಳು. ಈ ಸಲ ಕಿರುಚಲಿಲ್ಲ.

“ಟೆರಿಯಸ್ ಎದೇಲೂ ಕೇಳಿಸ್ತಿತ್ತಾ?”

ಡಾಕ್ಟರ್ ಹಾಲ್ಡೇನ್ ಸ್ಟೆತಾಸ್ಕೋಪಿನ ಕೊಳವೆಯನ್ನು ಬೆರಳಿಗೆ ಸುತ್ತಿಕೊಂಡರು. ಬಿಚ್ಚಿದರು. “ಹೇಳೋಕಾಗಲ್ಲ. ಕೇಳಿಸ್ತಿತ್ತೇನೋ.” ಆಮೇಲೆ ತಲೆ ತಗ್ಗಿಸಿ, “ಕೇಳಿಸ್ತಿತ್ತು ಅನ್ಸುತ್ತೆ” ಎಂದರು.

“ಎಷ್ಟು ಹೊತ್ತಿನ ಕೆಲ್ಸ ಇದು?”

“ಎರಡು ನಿಮಿಷ.”

ಕೋಚ್ ಪರ್ವಿಸ್ “ನಲವತ್ತೆರಡು! ಬೇಗ ಬನ್ರೋ, ಹೊತ್ತಾಯ್ತು” ಎಂದು ಕೂಗಿದ. ನಲವತ್ತೆರಡನೆಯವನು ಫುಟ್‌ಬಾಲ್ ತಂಡದ ದಪ್ಪ ಹುಡುಗ. ಮುಂದೆ ಬಂದ. ಡಾಕ್ಟರು ಅಭ್ಯಾಸಬಲದಿಂದ ಅವನ ಟೀ ಶರ್ಟಿನ ಮೇಲೆ ಸ್ಟೆತಾಸ್ಕೋಪು ಇಡಲು ಕೈ ಚಾಚಿದರು. ಇಷ್ಟೆಲ್ಲ ಆದ ಮೇಲೂ ಚಾಚಿದರು. ಇನ್ನೂ ಐವತ್ತು ಮಕ್ಕಳು ಬಾಕಿ, ಅವರಾದರೂ ಏನು ಮಾಡಿಯಾರು ಎಂದು ಕೆಲವರು ಹೇಳಬಹುದು. ಹಾಗೆ ಹೇಳುವವರು ತಮ್ಮ ಮಗುವನ್ನು ಆ ಸಾಲಿನಲ್ಲಿ ನಿಲ್ಲಿಸಿ ಆಮೇಲೆ ಹೇಳಲಿ.

ಶಾಂಟ್ರೀಸ್ ಆ ಹುಡುಗನಿಗೂ ಡಾಕ್ಟರಿಗೂ ನಡುವೆ ನಿಂತಳು. ಸಾಲಿನ ಕಡೆ ಮುಖ ಮಾಡಿದಳು.

“ಓಡುವಾಗ ಯಾರ್ಯಾರು ತಲೆ ತಿರುಗಿ ಬಿದ್ದಿದೀರಿ? ನಿಜ ಹೇಳ್ರೋ. ಕೋಚಿಗೆ ಬೇಡ, ನಂಗೆ ಹೇಳಿ. ಕೈ ಎತ್ತಿ.”

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ತಾಯಂದಿರ ಮುಖ ನೋಡಿದರು. ಕೋಚು, “ಶಾಂಟ್ರೀಸ್, ಸಾಕು, ಈಚೆ ಬಾ” ಎಂದ. ಆಗ ಸಾಲಿನ ಕೊನೆಯಲ್ಲಿ ಒಂದು ಕೈ ಮೇಲೆದ್ದಿತು. ಅರ್ಧ ಎದ್ದು, ಅಳುಕಿ, ಪೂರ್ತಿ ಎದ್ದಿತು. ನಡುವಿನಲ್ಲಿ ಇನ್ನೊಂದು. ನಾಲ್ಕಕ್ಕೆ ಡ್ಯೂಟಿ ಇದೆ ಎಂದು ಕೂಗಿದ್ದಳಲ್ಲ, ಅವಳ ಮಗನೂ ಎತ್ತಿದ. ಅವಳು ಅವನ ತೋಳು ಹಿಡಿದು ಕೆಳಗೆ ಎಳೆದಳು. ಅವನು ಇನ್ನೊಂದು ಕೈ ಎತ್ತಿದ.

ಆಮೇಲೆ ನೀಸಿ ಎತ್ತಿದಳು. ಹದಿನಾಲ್ಕು ವರ್ಷ, ಕಡ್ಡಿಯಂಥ ಹುಡುಗಿ. ಒಜೆಲಾ ಹಿಡಿದಿದ್ದ ಕೋಟು ಕೈಯಿಂದ ಜಾರಿ ನೆಲಕ್ಕೆ ಬಿತ್ತು.

“ನೀನಾ? ಯಾವಾಗ್ಲೇ? ನಂಗ್ಯಾಕೇ ಹೇಳ್ಲಿಲ್ಲ?”

“ಎರಡು ಸಲ ಅವ್ವ. ಹೇಳಿದ್ರೆ ನೀನು ಆಡೋಕೆ ಬಿಡ್ತಿರ್ಲಿಲ್ಲ.”

ನೀಸಿಯ ಕೈಯಲ್ಲಿದ್ದ ಫಾರಮ್ಮಿನ ಕೆಳಗೆ ಒಜೆಲಾಳದೇ ಸಹಿ ಇತ್ತು, ಬೆಳಿಗ್ಗೆ ಕಾಫಿ ಕುಡಿಯುತ್ತಾ ಹಾಕಿದ್ದು. ಲುವೀನಿಯಾ ತನ್ನ ಕೋಟನ್ನು ಹಾಗೆಯೇ ಹಿಡಿದುಕೊಂಡು ಎಣಿಸಿದಳು. ಏಳು ಕೈಗಳು. ಏಳು ಟೆರಿಯಸ್‌ಗಳು ನಿಂತ ಹಾಗೆ ಕಂಡಿತು ಅವಳಿಗೆ. ಅವಳು ಬಂದದ್ದು ಒಬ್ಬಳನ್ನು ಉಳಿಸಿಕೊಳ್ಳಲು. ಏಳು ಜನರನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು, ಯಾರ ಬಾಗಿಲು ತಟ್ಟುವುದು ಎಂದು ಅವಳಿಗೆ ದಿಕ್ಕು ತೋಚಲಿಲ್ಲ. ಕೋಟು ಮಾತ್ರ ಇಳಿಸಲಿಲ್ಲ.

“ಕೈ ಇಳಿಸ್ರೋ!” ಎಂದು ಕೋಚ್ ಪರ್ವಿಸ್ ಅರಚಿದ. “ಇಳಿಸ್ದೇ ಇದ್ರೆ ಈ ವರ್ಷ ತಂಡಾನೇ ಇಲ್ಲ. ಕೇಳಿಸ್ತಾ? ಇಳಿಸಿ ಕೈ!”

ಒಂದು ಕೈಯೂ ಇಳಿಯಲಿಲ್ಲ. ಎಂಟನೆಯದೊಂದು ಎದ್ದಿತು.